ಹಾಸಿಗೆಯೊಳಗಿನ ನಿರಪರಾಧಿ

ಧೂಳಿನ ಅಲರ್ಜಿ ಎಂದು ನಾವು ಕರೆಯುವುದರಲ್ಲಿ ಧೂಳಿನ ಪಾಲು ಕಡಿಮೆ. ರಸ್ತೆಯ ಧೂಳು, ಸಿಮೆಂಟಿನ ಪುಡಿ, ಸೀಮೆಸುಣ್ಣದ ಪುಡಿ ಯಾರ ಮೂಗನ್ನಾದರೂ ಕೆಣಕುತ್ತವೆ. ಆದರೆ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಸಾಲಾಗಿ ಹತ್ತು ಹದಿನೈದು ಸೀನು ಬರುವವರಿಗೆ, ನಡುರಾತ್ರಿ ಮೂಗು ಕಟ್ಟಿ ಎದ್ದು ಕೂರುವವರಿಗೆ ಎಷ್ಟೋ ಸಲ ಕಾರಣ ಬೇರೆಯೇ ಇರುತ್ತದೆ. ವೈದ್ಯರು ಡಸ್ಟ್ ಮೈಟ್ ಎನ್ನುವ ಈ ಜೀವಿಗೆ ಕನ್ನಡದಲ್ಲಿ ಹೊಸ ಪದ ಹುಟ್ಟಿಸಬೇಕಾಗಿಲ್ಲ. ತೆಂಗಿನ ತೋಟ ಇರುವವರನ್ನು ಕೇಳಿದರೆ ಸಾಕು, 'ನುಸಿ' ಎನ್ನುತ್ತಾರೆ. 1990ರ ದಶಕದ ಕೊನೆಯಲ್ಲಿ ಎಳೆಗಾಯಿಗಳ ಮೇಲೆ ಕಂದು ಕಲೆ ಎಬ್ಬಿಸಿ ರೈತರನ್ನು ಕಂಗೆಡಿಸಿದ್ದು ಅದೇ ಕುಲದ್ದು. ಹಾಸಿಗೆಯಲ್ಲಿರುವುದು ಅದರ ದೂರದ ನೆಂಟ, ಧೂಳುನುಸಿ.

ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು, ಅಥವಾ ಅದಕ್ಕಿಂತ ಕಡಿಮೆ. ಜೇಡ, ಚೇಳು, ಉಣ್ಣಿಗಳ ಬಳಗಕ್ಕೆ ಸೇರಿದ್ದರಿಂದ ಎಂಟು ಕಾಲು. ಕಣ್ಣಿಲ್ಲ. ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ನಮ್ಮ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟು ಅದರ ಮುಖ್ಯ ಆಹಾರ. ಅದರ ವೈಜ್ಞಾನಿಕ ಹೆಸರು ಡರ್ಮಟೊಫಗಾಯ್ಡಿಸ್ ಎಂಬುದರಲ್ಲೇ ಚರ್ಮ ತಿನ್ನುವುದು ಎಂಬ ಅರ್ಥ ಇದೆ. ನೀರು ಕುಡಿಯುವುದಿಲ್ಲ, ಗಾಳಿಯಲ್ಲಿರುವ ತೇವವನ್ನೇ ಮೈಗೆ ಎಳೆದುಕೊಳ್ಳುತ್ತದೆ. ಎರಡು ಮೂರು ತಿಂಗಳು ಬದುಕಿ, ಮೊಟ್ಟೆ ಇಟ್ಟು, ಸತ್ತು ಹೋಗುತ್ತದೆ. ಇದರ ಮೋರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸಾವಿರ ಪಟ್ಟು ಹಿಗ್ಗಿಸಿ ವ್ಯಾಕ್ಯೂಮ್ ಕ್ಲೀನರಿನ ಜಾಹೀರಾತಿನಲ್ಲಿ ತೋರಿಸುತ್ತಾರೆ. ಅಷ್ಟು ಹಿಗ್ಗಿಸಿದರೆ ನಮ್ಮ ಮುಖವೂ ಚೆಲುವಾಗಿ ಕಾಣಲಾರದು ಅನ್ನಿಸುತ್ತದೆ.

ತಿಗಣೆಯ ವಿಷಯದಲ್ಲಿ ನಮ್ಮ ಹಿರಿಯರಿಗೆ ಇಂಥ ಗೊಂದಲ ಇರಲಿಲ್ಲ. ಅದು ಕಚ್ಚುತ್ತಿತ್ತು, ಹಿಸುಕಿದರೆ ನಮ್ಮದೇ ರಕ್ತ ಗೋಡೆಗೆ ಮೆತ್ತುತ್ತಿತ್ತು. ಮಂಚವನ್ನು ಬಿಸಿಲಿಗೆ ಎಳೆದು, ಸಂದುಗಳಿಗೆ ಸೀಮೆಎಣ್ಣೆ ಬಿಟ್ಟು ಕೊಂದವರು ಆ ರಾತ್ರಿ ನೆಮ್ಮದಿಯಿಂದ ಮಲಗುತ್ತಿದ್ದರು. ಯಾರು ಯಾರಿಗೆ ಕೇಡು ಮಾಡಿದರು ಎಂಬುದು ಅಲ್ಲಿ ಸ್ಪಷ್ಟ. ನುಸಿಯ ಜೊತೆ ಆ ಸ್ಪಷ್ಟತೆ ಸಿಗುವುದಿಲ್ಲ. ನನ್ನ ಉಸಿರು ಕಟ್ಟಿಸುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿ ಉಳಿದ ಒಂದು ಜೀರ್ಣಕಿಣ್ವ. ಅದು ತಿಂದದ್ದನ್ನು ಅರಗಿಸಿಕೊಳ್ಳಲು ಬಳಸಿದ ರಸ ಅಷ್ಟೆ. ನನ್ನ ಮೇಲೆ ಎಸೆದ ವಿಷವಲ್ಲ. ಆ ಕಣ ಮೂಗಿನೊಳಗೆ ಸೇರಿದಾಗ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಪಕ್ಕದ ಮಂಚದ ಗೆಳತಿ ಅದೇ ಗಾಳಿಯನ್ನು ಎಳೆದುಕೊಂಡು ಗೊರಕೆ ಹೊಡೆಯುತ್ತಾಳೆ.

ವ್ಯತ್ಯಾಸ ಇರುವುದು ನನ್ನ ದೇಹದಲ್ಲಿ. ಐಜಿಇ ಎಂಬ ಪ್ರತಿಕಾಯ ಒಮ್ಮೆ ಆ ಕಿಣ್ವವನ್ನು ಶತ್ರುಗಳ ಪಟ್ಟಿಗೆ ಸೇರಿಸಿದರೆ ಮುಗಿಯಿತು, ಮುಂದಿನ ಸಲ ಅದು ಬಂದ ಕೂಡಲೇ ಜೀವಕೋಶಗಳು ಹಿಸ್ಟಮಿನ್ ಸುರಿಸಿ ಮೂಗು, ಕಣ್ಣು, ಗಂಟಲನ್ನೆಲ್ಲ ಯುದ್ಧಭೂಮಿ ಮಾಡುತ್ತವೆ. ಹೊಟ್ಟೆಯ ಹುಳುಗಳಂಥ ನಿಜವಾದ ಪರೋಪಜೀವಿಗಳನ್ನು ಎದುರಿಸಲು ಬೆಳೆದುಬಂದ ವ್ಯವಸ್ಥೆ ಇದು ಎಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಅಂದರೆ ದೇಹವೂ ನನಗೆ ಕೇಡು ಬಯಸಿಲ್ಲ. ಕಾವಲುಗಾರ ನಿದ್ದೆಗೆಟ್ಟು, ಮನೆಯ ಅಂಗಳದಲ್ಲಿ ಮೇಯುವ ಕರುವಿಗೆ ದೊಣ್ಣೆ ಬೀಸುತ್ತಿದ್ದಾನೆ. ಏಟು ಮನೆಯ ಕಂಬಕ್ಕೆ ಬೀಳುತ್ತಿದೆ. ಅಲರ್ಜಿ ಎಂಬ ಪದವನ್ನು 1906ರಲ್ಲಿ ಟಂಕಿಸಿದ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅದಕ್ಕೆ ಕೊಟ್ಟ ಅರ್ಥ ತುಂಬ ಸಪ್ಪೆ: ಬದಲಾದ ಪ್ರತಿಕ್ರಿಯೆ. ಆ ಪದದಲ್ಲಿ ದೂರು ಇರಲಿಲ್ಲ. ಮನೆಯ ಧೂಳು ಕೆಲವರಿಗೆ ಆಗಿಬರುವುದಿಲ್ಲ ಎಂಬುದು ಬಹಳ ಹಿಂದೆಯೇ ಗೊತ್ತಿದ್ದರೂ, ಅದರೊಳಗಿನ ನುಸಿಯ ಕಡೆಗೆ ಬೊಟ್ಟು ಮಾಡಿದ್ದು 1964ರಲ್ಲಿ, ಹಾಲೆಂಡಿನ ಲೈಡನ್ ಊರಿನಲ್ಲಿ, ವೋರ್‌ಹೋರ್ಸ್ಟ್ ಮತ್ತು ಸ್ಪೀಕ್ಸ್ಮಾ ಎಂಬ ಸಂಶೋಧಕರು.

ಬೊಟ್ಟು ಮಾಡುವುದು ಎಂದೆ. ಕನ್ನಡದಲ್ಲಿ ಕಾರಣ ಹೇಳುವುದಕ್ಕೂ ತಪ್ಪು ಹೊರಿಸುವುದಕ್ಕೂ ನಡುವಿನ ಗೋಡೆ ಬಹಳ ತೆಳು. 'ಇದಕ್ಕೆಲ್ಲ ನೀನೇ ಕಾರಣ' ಎಂದು ಯಾರಾದರೂ ಅಂದರೆ ಅವರು ಕಾರ್ಯಕಾರಣ ಸಂಬಂಧ ವಿವರಿಸುತ್ತಿಲ್ಲ, ಜಗಳಕ್ಕೆ ನಿಂತಿದ್ದಾರೆ. ನೋವಿಗೆ ಕಾರಣ ಸಿಕ್ಕರೆ ಅಪರಾಧಿ ಸಿಕ್ಕಂತೆ ಎಂದು ನಾವು ಯೋಚಿಸುತ್ತೇವೆ. ಧೂಳುನುಸಿಯ ಅಲರ್ಜಿ ಈ ಅಭ್ಯಾಸವನ್ನು ಕೆಡಿಸುತ್ತದೆ. ಕಾರಣ ಇದೆ, ಅದನ್ನು ಮೊಣಕೈ ಕೆಳಗೆ ಹನಿ ಹಾಕಿ, ಸೂಜಿ ಚುಚ್ಚಿ, ಇಪ್ಪತ್ತು ನಿಮಿಷದಲ್ಲಿ ಏಳುವ ದದ್ದನ್ನು ಸ್ಕೇಲಿಟ್ಟು ಅಳೆದು ತೋರಿಸುತ್ತಾರೆ. ಅಪರಾಧಿ ಮಾತ್ರ ಇಲ್ಲ. ಹಾಗಿದ್ದ ಮೇಲೆ ನುಸಿಯನ್ನು ಕೊಲ್ಲುವ ಹಕ್ಕು ನನಗೆ ಎಲ್ಲಿಂದ ಬಂತು?

ಪ್ರಶ್ನೆ ಹಾಸ್ಯಾಸ್ಪದ ಅನ್ನಿಸಬಹುದು. ಆದರೆ ಕನ್ನಡ ಸಾಹಿತ್ಯದ ಮೊದಲ ಶತಮಾನಗಳನ್ನು ಕಟ್ಟಿದ ಜೈನರಿಗೆ ಇದು ಹಾಸ್ಯವಾಗಿರಲಿಲ್ಲ. ದಿಗಂಬರ ಮುನಿಗಳು ಕೂರುವ ಮುನ್ನ ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೆಲ್ಲಗೆ ಸವರುವುದು ಕಣ್ಣಿಗೆ ಕಾಣದ ಜೀವಿ ಅಡಿಯಲ್ಲಿ ಸಿಕ್ಕೀತೆಂದು. ಶ್ವೇತಾಂಬರರು ಅದೇ ಕೆಲಸಕ್ಕೆ ಬಳಸುವ ಉಣ್ಣೆಯ ಕುಚ್ಚಿನ ಹೆಸರು ರಜೋಹರಣ, ಧೂಳನ್ನು ತೆಗೆಯುವುದು ಎಂದೇ ಅರ್ಥ. ಧೂಳು ಒರೆಸುವಾಗ ಅದರೊಳಗೆ ಜೀವ ಇರಬಹುದು ಎಂಬ ಎಚ್ಚರ ಸೂಕ್ಷ್ಮದರ್ಶಕಕ್ಕಿಂತ ಎಷ್ಟೋ ಹಳೆಯದು. ಗೃಹಸ್ಥರಿಗೆ ಈ ಪರಂಪರೆ ಅಷ್ಟು ಕಠಿಣ ನಿಯಮ ಹಾಕುವುದಿಲ್ಲ. ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಬೇಕೆಂದೇ ಮಾಡುವ ಸಂಕಲ್ಪೀ, ಅಡುಗೆ ಗುಡಿಸು ಸಾರಿಸುಗಳಲ್ಲಿ ಆಗಿಹೋಗುವ ಆರಂಭೀ, ಜೀವನೋಪಾಯದಲ್ಲಿ ಆಗುವ ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವ ವಿರೋಧೀ. ಗೃಹಸ್ಥ ಪೂರ್ತಿಯಾಗಿ ಬಿಡಬೇಕಾದದ್ದು ಮೊದಲನೆಯದನ್ನು.

ಈ ವಿಂಗಡಣೆಯನ್ನು ಹಾಸ್ಟೆಲಿನ ಬಕೆಟ್ಟಿನ ಮುಂದೆ ಇಟ್ಟು ನೋಡಿ. ಕೊಳೆ ಹೋಗಲೆಂದು ಹೊದಿಕೆ ಒಗೆದರೆ ಅದು ಆರಂಭೀ. ನೀರು 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ನುಸಿ ಸಾಯುತ್ತದೆ ಎಂದು ಓದಿಕೊಂಡು, ಬಾಯ್ಲರ್ ಬಿಸಿಯಾಗುವುದನ್ನು ಕಾದು ಒಗೆದರೆ? ಆತ್ಮರಕ್ಷಣೆ ಎನ್ನೋಣವೆಂದರೆ ಎದುರಾಳಿ ನನ್ನ ಮೇಲೆ ಬಂದೇ ಇಲ್ಲ. ಉಳಿಯುವುದು ಸಂಕಲ್ಪ. ಎಂಎ ಓದಿದವರಿಗೆಲ್ಲ ಪರಿಚಯವಿರುವ ಜನ್ನನ 'ಯಶೋಧರ ಚರಿತೆ'ಯಲ್ಲಿ (1209) ರಾಜ ಕಡಿಯುವುದು ಹಿಟ್ಟಿನ ಕೋಳಿಯನ್ನು. ನಿಜವಾದ ಪ್ರಾಣಿಯನ್ನು ಬಲಿಕೊಡಲು ಮನಸ್ಸಾಗದೆ, ತಾಯಿಯ ಮಾತು ಮೀರಲೂ ಆಗದೆ ಮಾಡಿಕೊಂಡ ಒಪ್ಪಂದ ಅದು. ಆದರೂ ಕೊಲ್ಲುವ ಸಂಕಲ್ಪ ಇತ್ತಲ್ಲ, ಅಷ್ಟಕ್ಕೇ ತಾಯಿ ಮಗ ಇಬ್ಬರೂ ಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಜೀವವಿಲ್ಲದ್ದನ್ನು ಕಡಿದವನ ಗತಿ ಇದಾದರೆ, ಜೀವವಿದೆ ಎಂದು ಖಚಿತವಾಗಿ ತಿಳಿದೇ ಕುದಿನೀರು ಸುರಿಯುವವರ ಲೆಕ್ಕ ಹೇಗೆ ಎಂದು ತಮಾಷೆಗೆ ಕೇಳಲು ಹೋಗಿ, ತಮಾಷೆ ಅರ್ಧಕ್ಕೇ ನಿಲ್ಲುತ್ತದೆ.

ಇಲ್ಲಿ ವಿಜ್ಞಾನದ ಒಂದು ವಿವರ ನನಗೆ ಬಹಳ ಇಷ್ಟ. ನುಸಿಯನ್ನು ಕೊಂದರೆ ಅಲರ್ಜಿ ಹೋಗುವುದಿಲ್ಲ. ಕಾಡುವುದು ಹಿಕ್ಕೆ ಮತ್ತು ಸತ್ತ ನುಸಿಯ ಪುಡಿ ಆದ್ದರಿಂದ, ಔಷಧ ಸಿಂಪಡಿಸಿ ಕೊಂದು ಹಾಸಿಗೆಯಲ್ಲೇ ಬಿಟ್ಟರೆ ಹೆಣಗಳೂ ಸೀನು ತರಿಸುತ್ತವೆ. ಅದೇ ತಣ್ಣೀರಿನಲ್ಲಿ ಚೆನ್ನಾಗಿ ಒಗೆದರೂ ಆ ಕಿಣ್ವದ ಬಹುಪಾಲು ಕೊಚ್ಚಿಹೋಗುತ್ತದೆ, ನುಸಿಗಳಲ್ಲಿ ಅನೇಕವು ಬದುಕಿ ಉಳಿದಿದ್ದರೂ. ಬಿಸಿನೀರು ಅವು ಮತ್ತೆ ಬೆಳೆಯುವುದನ್ನು ತಡೆಯುತ್ತದೆ, ಅದರ ಉಪಯೋಗ ಇಲ್ಲವೆನ್ನುತ್ತಿಲ್ಲ. ಆದರೆ ಆ ರಾತ್ರಿಯ ನಿದ್ದೆಗೆ ಬೇಕಾದದ್ದು ಕೊಲೆಯಲ್ಲ, ದೂರ. ಒತ್ತಾಗಿ ನೇಯ್ದ ಬಟ್ಟೆಯ ಚೀಲದೊಳಗೆ ಹಾಸಿಗೆ, ದಿಂಬನ್ನು ಹಾಕಿ ಜಿಪ್ ಎಳೆಯುವುದೂ ದೂರ ಇಡುವ ಉಪಾಯವೇ. ಅದೂ ರಾಮಬಾಣವಲ್ಲ. 2003ರಲ್ಲಿ ಪ್ರಕಟವಾದ, ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ವಯಸ್ಕ ಉಬ್ಬಸ ರೋಗಿಗಳನ್ನು ಒಳಗೊಂಡ ಪ್ರಯೋಗದಲ್ಲಿ ಬರೀ ಇಂಥ ಚೀಲಗಳಿಂದ ಪ್ರಯೋಜನ ಕಾಣಲಿಲ್ಲ. 2017ರ ಇನ್ನೊಂದು ಅಧ್ಯಯನದಲ್ಲಿ ಉಬ್ಬಸವಿರುವ ಮಕ್ಕಳು ತುರ್ತಾಗಿ ಆಸ್ಪತ್ರೆಗೆ ಹೋಗುವುದು ಕಡಿಮೆಯಾಯಿತು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದು. ಔಷಧಿ ನಿಲ್ಲಿಸಿ ಬರೀ ಹಾಸಿಗೆ ಒಗೆಯುತ್ತ ಕೂರಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಇನ್ನೊಂದು ಚಿಕಿತ್ಸೆ ಇದೆ, ಸಾಹಿತ್ಯ ಓದುವವರು ಕೇಳಿದ ಕೂಡಲೇ ಬಲೆಗೆ ಬೀಳುವಂಥದ್ದು. ಅಲರ್ಜಿ ತರುವ ವಸ್ತುವಿನ ಸಾರವನ್ನೇ ಕಿಂಚಿತ್ ಕಿಂಚಿತ್ತಾಗಿ, ಮೂರು ವರ್ಷ ಅಥವಾ ಹೆಚ್ಚು ಕಾಲ ದೇಹಕ್ಕೆ ಕೊಟ್ಟು ಅದನ್ನು ಸಹಿಸಲು ಕಲಿಸುವುದು. ಹುಲ್ಲಿನ ಪರಾಗ ಬಳಸಿ ಲಂಡನ್ನಿನ ಲೆನಾರ್ಡ್ ನೂನ್ 1911ರಲ್ಲಿ ಆರಂಭಿಸಿದ ಪದ್ಧತಿ ಇದು. ಶತ್ರುವನ್ನು ಬದಲಿಸುವ ಬದಲು ನಮ್ಮನ್ನೇ ಬದಲಿಸಿಕೊಳ್ಳುವುದು, ಅನ್ಯವನ್ನು ಹನಿಹನಿಯಾಗಿ ಒಳಗೆ ಬಿಟ್ಟುಕೊಳ್ಳುವುದು! ಇದರ ಮೇಲೆ ಸಹಿಷ್ಣುತೆಯ ಭಾಷಣ ಕಟ್ಟಲು ಹತ್ತು ನಿಮಿಷ ಸಾಕು. ಆದರೆ ಸೂಸನ್ ಸಾಂಟಾಗ್ 1978ರಲ್ಲಿ ಕಾಯಿಲೆಯನ್ನು ರೂಪಕವಾಗಿಸುವುದರ ವಿರುದ್ಧ ಒಂದು ಪುಸ್ತಕವನ್ನೇ ಬರೆದದ್ದು ಸುಮ್ಮನಲ್ಲ. ಅಲರ್ಜಿಯನ್ನು ಅಸಹನೆಯ ಸಂಕೇತ ಮಾಡಿದ ಕ್ಷಣ ಉಸಿರಿಗೆ ಒದ್ದಾಡುವವರು ಅಸಹಿಷ್ಣುಗಳಾಗುತ್ತಾರೆ, ಅವರ ರೋಗ ಅವರ ಗುಣವಾಗುತ್ತದೆ. ಮತ್ತೆ ಅಪರಾಧಿ ಹುಟ್ಟಿಕೊಂಡ, ಈ ಸಲ ರೋಗಿಯೇ. ಆದ್ದರಿಂದ ಆ ಭಾಷಣವನ್ನು ಇಲ್ಲಿಗೇ ಬಿಡುತ್ತೇನೆ.

ನನ್ನ ಹಾಸಿಗೆಯಲ್ಲಿ ಇದೆಲ್ಲ ನೆಲೆಸಿದ್ದು ಅಜ್ಜಿ ಹೊಲಿದ ಕೌದಿಯಲ್ಲಿ ಎಂದು ವೈದ್ಯರು ಅನುಮಾನಪಟ್ಟರು. ಹಳೆಯ ಇಳಕಲ್ ಸೀರೆ, ಅಜ್ಜನ ಧೋತರ, ಯಾರದೋ ಕುಪ್ಪಸ, ಎಲ್ಲ ಪದರ ಪದರವಾಗಿ ಸೇರಿಸಿ ಸಣ್ಣ ಸಣ್ಣ ಹೊಲಿಗೆ ಹಾಕಿದ ಭಾರದ ಕೌದಿ. ಗದಗ ಸೀಮೆಯ ಒಣಹವೆಯಲ್ಲಿ ಅದನ್ನು ಹೊದ್ದೇ ನಾನು ಬೆಳೆದದ್ದು, ಆಗ ಏನೂ ಆಗಿರಲಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಬಹುಕಾಲ ಶೇ. 50ಕ್ಕಿಂತ ಕೆಳಗಿದ್ದರೆ ನುಸಿ ಒಣಗಿ ಸಾಯುತ್ತದೆ. ನಮ್ಮೂರ ಬೇಸಿಗೆ ಆ ಕೆಲಸವನ್ನು ಯಾರಿಗೂ ಹೇಳದೆ ಮಾಡುತ್ತಿದ್ದಿರಬೇಕು. ಸಂಶೋಧನೆಗೆಂದು ಕೌದಿಯ ಸಮೇತ ಮಂಗಳೂರಿನ ಕಡೆಗೆ ಬಂದೆ. ಇಲ್ಲಿ ಮಳೆಗಾಲದಲ್ಲಿ ಆರ್ದ್ರತೆ ಶೇ. 80 ದಾಟುವುದು ಮಾಮೂಲು, ಒಗೆದ ಕರವಸ್ತ್ರ ಮೂರು ದಿನವಾದರೂ ಒಣಗದು. ಕೌದಿ ಅದೇ, ಮೈ ಅದೇ, ಹವೆ ಬೇರೆ. ಫೋನಿನಲ್ಲಿ ಅಜ್ಜಿ ತಪ್ಪದೆ ಕೇಳುತ್ತಾಳೆ, "ಮಳಿ ಭಾಳ ಐತೇನ ಯವ್ವಾ? ಕೌದಿ ಹೊಚ್ಕೊಂಡು ಮಲಗ್ತಿಯಿಲ್ಲೋ?" ಈ ಸರಪಳಿಯ ಯಾವ ಕೊಂಡಿಯನ್ನು ಹಿಡಿದು ನೀನೇ ಕಾರಣ ಎನ್ನಲಿ?

ಯಾರೂ ತಪ್ಪು ಮಾಡದ ನೋವನ್ನು ನಾವು ದುರದೃಷ್ಟ ಎನ್ನುತ್ತೇವೆ, ಅಲ್ಲಿಗೆ ನೈತಿಕ ಪ್ರಶ್ನೆ ಮುಗಿಯಿತು ಎಂದುಕೊಳ್ಳುತ್ತೇವೆ. ರಾಜಕೀಯ ಚಿಂತಕಿ ಜೂಡಿತ್ ಶ್ಕ್ಲಾರ್ 1990ರ ತಮ್ಮ 'ದ ಫೇಸಸ್ ಆಫ್ ಇನ್‌ಜಸ್ಟಿಸ್' ಪುಸ್ತಕದಲ್ಲಿ ಕೆದಕಿದ್ದು ಇದನ್ನೇ. ದುರದೃಷ್ಟ ಮತ್ತು ಅನ್ಯಾಯದ ನಡುವಿನ ಗೆರೆ ಪ್ರಕೃತಿ ಎಳೆದದ್ದಲ್ಲ, ಅದನ್ನು ಎಲ್ಲಿ ಎಳೆಯಬೇಕೆಂದು ನಿರ್ಧರಿಸುವವರು ಸಾಮಾನ್ಯವಾಗಿ ನೋವು ಅನುಭವಿಸುವವರಲ್ಲ ಎಂಬುದು ಅವರ ವಾದದ ಒಂದು ಎಳೆ. ನುಸಿ, ಕಿಣ್ವ, ಐಜಿಇ, ಕರಾವಳಿಯ ಹವೆ ಇವೆಲ್ಲ ದುರದೃಷ್ಟದ ಕಡೆಗೇ ಸೇರಲಿ. ಆದರೆ ವೈದ್ಯರು ಕೊಟ್ಟ ಸಲಹೆಗಳ ಚೀಟಿಯನ್ನು ಮತ್ತೆ ಓದಿದಾಗ ಅದರ ವ್ಯಾಕರಣ ನನಗೆ ವಿಚಿತ್ರವಾಗಿ ಕಂಡಿತು. ಹೊದಿಕೆಗಳನ್ನು ವಾರಕ್ಕೊಮ್ಮೆ ಒಗೆಯಬೇಕು. ಪರದೆಗಳನ್ನು ತೆಗೆಯಬೇಕು. ನೆಲವನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹಾಸಿಗೆ ಕೊಡವುವಾಗ ರೋಗಿ ಕೋಣೆಯಲ್ಲಿ ಇರಬಾರದು, ಧೂಳು ಕೆಳಗಿಳಿಯುವವರೆಗೆ ಒಳಗೆ ಬರಬಾರದು. ಎಲ್ಲ ವಾಕ್ಯಗಳಲ್ಲೂ ಕ್ರಿಯಾಪದ ಇದೆ, ಕರ್ತೃಪದ ಇಲ್ಲ. ರೋಗಿ ಹೊರಗೆ ನಿಂತಾಗ ಒಳಗೆ ಯಾರೋ ಇರಲೇಬೇಕಲ್ಲ.

ನಮ್ಮ ಕಡೆ ನವರಾತ್ರಿಗೆ ಮುಂಚೆ ಮನೆಯ ಹಾಸಿಗೆ, ಕೌದಿ, ಕಂಬಳಿಗಳನ್ನೆಲ್ಲ ಹೊರಗೆ ಎಳೆದು, ಝಾಡಿಸಿ, ಹಳ್ಳಕ್ಕೋ ಕೆರೆಗೋ ಒಯ್ದು ಒಗೆಯುತ್ತಾರೆ. ಮಳೆಗಾಲ ಮುಗಿದು, ಅಟ್ಟದ ಮೇಲಿನ ಅರಿವೆಗಳೆಲ್ಲ ತೇವ ಹೀರಿಕೊಂಡು ಕೂತಿರುವ ಹೊತ್ತು ಅದು. ನುಸಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ, ಝಾಡಿಸುವವರಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಡಾಕ್ಟರ ಚೀಟಿ ಬಂದ ಮೇಲೆ ಆ ಹೊತ್ತಿನಲ್ಲಿ ನನ್ನನ್ನು ಪಕ್ಕದ ಮನೆಗೆ ಕಳಿಸುವುದು ರೂಢಿಯಾಯಿತು. ಕಿಟಕಿಯಿಂದ ನೋಡಿದರೆ ಅಂಗಳದ ಬಿಸಿಲಲ್ಲಿ ವೈನಿ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೌದಿ ಝಾಡಿಸುತ್ತಿರುತ್ತಾಳೆ, ಸುತ್ತ ಹೊಗೆಯಂತೆ ಧೂಳು. ನಡುನಡುವೆ ನಿಂತು ಸೀನುತ್ತಾಳೆ. ಕಣ್ಣು ಕೆಂಪಗಾಗಿ ಸಂಜೆಯ ತನಕ ನೀರು ಸುರಿಯುತ್ತಿರುತ್ತದೆ. ನಿನಗೂ ಅಲರ್ಜಿ ಇರಬಹುದು ವೈನಿ ಎಂದರೆ ನಗುತ್ತಾಳೆ.

"ನಿಂದು ಅಲರ್ಜಿ. ನಂದು ಬರೀ ನೆಗಡಿ."

ಅವಳಿಗಿರುವುದು ನುಸಿಯ ಅಲರ್ಜಿಯೋ, ಧೂಳಿಗೆ ಎಲ್ಲರಿಗೂ ಆಗುವ ಕೆರಳಿಕೆಯೋ, ಪರೀಕ್ಷೆಯಿಲ್ಲದೆ ಹೇಳಲಾಗದು. ಒಂದೇ ಅಂಗಳದ ಒಂದೇ ಧೂಳು ಒಬ್ಬಳ ಮೂಗಿನಲ್ಲಿ ರೋಗವಾಗಿ, ಇನ್ನೊಬ್ಬಳ ಮೂಗಿನಲ್ಲಿ ಮನೆಗೆಲಸದ ಭಾಗವಾಗಿ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಮಾತ್ರ ಯಾವ ಪರೀಕ್ಷೆಯೂ ಬೇಕಿಲ್ಲ. ಹೆಸರು ಸಿಕ್ಕ ನೋವಿಗೆ ರಜೆ ಸಿಗುತ್ತದೆ. ಹೆಸರು ಸಿಗಬೇಕಾದರೆ ಊರಿಂದ ಹುಬ್ಬಳ್ಳಿಯ ತನಕ ಬಸ್ಸು, ಒಂದು ದಿನದ ಬಿಡುವು, ಪರೀಕ್ಷೆಯ ದುಡ್ಡು, ಅದಕ್ಕೂ ಮೊದಲು ನನ್ನ ಸೀನಿಗೆ ಡಾಕ್ಟರು ಬೇಕು ಎಂದು ಅನ್ನಿಸುವಷ್ಟು ತನ್ನ ಮೇಲೆ ಬೆಲೆ ಇರಬೇಕು. ನುಸಿಯ ಹಿಂಸೆ ಅಹಿಂಸೆಯ ಬಗ್ಗೆ ಅಷ್ಟು ದೂರ ಯೋಚಿಸಿದ ಮನಸ್ಸಿಗೆ, ಅಂಗಳದಲ್ಲಿರುವ ಈ ಎರಡು ಕಣ್ಣಿನ ಜೀವವನ್ನು ಯಾವ ವಿಂಗಡಣೆಯಲ್ಲಿ ಇಡಬೇಕೆಂದು ತಕ್ಷಣ ಹೊಳೆಯುವುದಿಲ್ಲ. ತಿಳಿಯದೆ ಆಗುವುದನ್ನೆಲ್ಲ ಕ್ಷಮಿಸುವ ಪರಂಪರೆ ಅಲ್ಲ ಜೈನರದು. ಪ್ರಮಾದ, ಅಂದರೆ ಎಚ್ಚರಗೇಡಿತನವನ್ನು ತತ್ತ್ವಾರ್ಥಸೂತ್ರ ಹಿಂಸೆಯ ವ್ಯಾಖ್ಯೆಯೊಳಗೇ ಸೇರಿಸುತ್ತದೆ. ಪಿಂಛಿ ಹಿಡಿಯುವುದು ಕೊಲ್ಲದಿರಲಿಕ್ಕೆ ಎಷ್ಟೋ, ನೋಡಲಿಕ್ಕೂ ಅಷ್ಟೇ.

ಕಳೆದ ವರ್ಷ ಹಬ್ಬಕ್ಕೆ ಹೋದಾಗ, ನನ್ನ ಜೊತೆ ಹುಬ್ಬಳ್ಳಿಗೆ ಬಾ, ಪರೀಕ್ಷೆ ಮಾಡಿಸೋಣ ಎಂದೆ. ವೈನಿ ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು, "ಅಲರ್ಜಿ ಐತಿ ಅಂತ ಗೊತ್ತಾತು ಅಂತಿಟ್ಕೋ. ಆಮ್ಯಾಲೆ ಹಾಸಿಗಿ ಯಾರ್ ಝಾಡಸ್ತಾರ?"

ಅಜ್ಜಿ ಕೂತಲ್ಲಿಂದಲೇ, ಝಾಡಿಸೂದ್ಯಾಕ, ತೊಯ್ಸಿಬಿಡ್ರಿ ಎಂದಳು. ಅದು ಸರಿಯಾದ ಉಪಾಯವೇ. ಒದ್ದೆ ಬಟ್ಟೆಯಿಂದ ಧೂಳು ಏಳುವುದಿಲ್ಲ, ಒದ್ದೆ ಕೆಲಸಕ್ಕೆ ನಾನೂ ಬರಬಹುದು. ಕೌದಿಗಳನ್ನು ಮಡಿಕೆ ಬಿಚ್ಚದೆ ಎತ್ತಿ ತಂದು ನೀರಿನ ತೊಟ್ಟಿಗೆ ಇಳಿಸಿದೆವು. ನೆನೆದ ಕೌದಿ ಕರುವಿನಷ್ಟು ಭಾರ, ಹಿಂಡಲು ಎರಡು ತುದಿಗೆ ಇಬ್ಬರು ಬೇಕು. ಅಟ್ಟದಿಂದ ಒಣ ಕೌದಿಗಳನ್ನು ಇಳಿಸುವ ಕೆಲಸವನ್ನು ಅಣ್ಣನಿಗೆ ವಹಿಸಿದ್ದಾಯಿತು. ಅವನಿಗೆ ಅಲರ್ಜಿ ಇದೆಯೋ ಇಲ್ಲವೋ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಅವನು ಹಾಸಿಗೆಗೆ ಕೈ ಹಚ್ಚಿದ್ದನ್ನು ಆ ಮನೆ ಅದೇ ಮೊದಲು ನೋಡಿದ್ದು. ನಾಲ್ಕನೇ ಕೌದಿಗೆ ಸೀನಿದ.